ಚುಚ್ಚಿದ ಇನ್ಸುಲಿನ್ ವಾಪಸ್ ಬರುವುದಿಲ್ಲ: ಟೈಪ್ 1 ಮಧುಮೇಹ ಇಟ್ಟುಕೊಂಡು ದೂರ ಓಡುವುದು ಹೇಗೆ

ಬೆಳಿಗ್ಗೆ ಆರಕ್ಕೆ ಕಬ್ಬನ್ ಪಾರ್ಕಿನಲ್ಲಿ ಇಬ್ಬರು ಅಕ್ಕಪಕ್ಕ ಓಡುತ್ತಿದ್ದಾರೆ ಅಂದುಕೊಳ್ಳಿ. ಒಂದೇ ವಯಸ್ಸು, ಒಂದೇ ವೇಗ. ಮೊದಲನೆಯವರಿಗೆ ಮಧುಮೇಹವಿಲ್ಲ. ಓಟ ಶುರುವಾದ ಸ್ವಲ್ಪ ಹೊತ್ತಿಗೇ ಅವರ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಗ್ಗಿಸುತ್ತದೆ, ಶುಗರ್ ಏರಿಸುವ ಹಾರ್ಮೋನಾದ ಗ್ಲುಕಗಾನನ್ನು ಏರಿಸುತ್ತದೆ, ಲಿವರ್ ಕೂಡಿಟ್ಟುಕೊಂಡಿದ್ದ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯು ಎಷ್ಟು ಎಳೆದುಕೊಳ್ಳುತ್ತದೋ ಲಿವರ್ ಹೆಚ್ಚುಕಡಿಮೆ ಅಷ್ಟನ್ನೇ ತುಂಬಿಕೊಡುತ್ತದೆ. ಒಂದು ಗಂಟೆ ಓಡಿದರೂ ಶುಗರ್ ಇದ್ದಲ್ಲೇ ಇರುತ್ತದೆ.

ಎರಡನೆಯವರಿಗೆ ಟೈಪ್ 1, ಅಂದರೆ ಮೈ ತಾನಾಗಿ ಇನ್ಸುಲಿನ್ ತಯಾರಿಸದೆ ಹೊರಗಿನಿಂದ ಚುಚ್ಚಿಕೊಳ್ಳಲೇಬೇಕಾದ ಮಧುಮೇಹ. ಐದು ಗಂಟೆಗೆ ಇಡ್ಲಿ ತಿಂದು, ಅದಕ್ಕೆ ತಕ್ಕ 4 ಯೂನಿಟ್ ಚುಚ್ಚಿಕೊಂಡು ಬಂದಿದ್ದಾರೆ. ಆ 4 ಯೂನಿಟ್ ಹೊಟ್ಟೆಯ ಚರ್ಮದಡಿ ಕುಳಿತಿದೆ. ಓಟ ಶುರುವಾಯಿತೆಂದು ಅದು ಹಿಂದೆ ಸರಿಯುವುದಿಲ್ಲ. ಮೈ ಕಾದು ರಕ್ತದ ಓಡಾಟ ಜೋರಾದ ಹಾಗೆ ಇನ್ನೂ ಬೇಗ ರಕ್ತಕ್ಕೆ ಇಳಿಯುತ್ತದೆ. ಇತ್ತ ಕಾಲಿನ ಸ್ನಾಯುಗಳು ಕುಗ್ಗಿ ಹಿಗ್ಗುವಾಗ ಇನ್ಸುಲಿನ್‌ನ ಹಂಗಿಲ್ಲದೆಯೇ ಗ್ಲೂಕೋಸನ್ನು ಒಳಗೆಳೆಯುವ ಬಾಗಿಲುಗಳನ್ನು ತೆರೆಯುತ್ತವೆ. ಅಂದರೆ ಸಕ್ಕರೆ ಹೊರಹೋಗುವ ದಾರಿ ಎರಡಾಯಿತು. ಅದೇ ಹೊತ್ತಿಗೆ ರಕ್ತದಲ್ಲಿರುವ ಇನ್ಸುಲಿನ್ ಲಿವರಿಗೆ ‘ಬಿಡಬೇಡ, ಇಟ್ಟುಕೋ’ ಎನ್ನುತ್ತಿರುತ್ತದೆ, ಹಾಗಾಗಿ ಒಳಬರುವ ದಾರಿ ಮುಚ್ಚಿತು. ಮುಕ್ಕಾಲು ಗಂಟೆಯಲ್ಲಿ ಶುಗರ್ 180ರಿಂದ 65ಕ್ಕೆ (mg/dL ಲೆಕ್ಕದಲ್ಲಿ) ಇಳಿಯುವುದು ಅಪರೂಪವೇನಲ್ಲ. ಇದರ ಮೇಲೆ ಇನ್ನೊಂದು ಕೊರತೆ: ಟೈಪ್ 1 ಬಂದು ಕೆಲವು ವರ್ಷಗಳಾದ ಮೇಲೆ ಬಹುತೇಕರಲ್ಲಿ ಶುಗರ್ ಬಿದ್ದಾಗ ಗ್ಲುಕಗಾನ್ ಏರಿ ಕಾಪಾಡುವ ವ್ಯವಸ್ಥೆಯೂ ಕೆಲಸ ನಿಲ್ಲಿಸಿರುತ್ತದೆ.

ಹಾಗಾಗಿ ಓಟಕ್ಕೆ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಈಗ ಶುಗರ್ ಎಷ್ಟಿದೆ’ ಎಂಬುದಲ್ಲ, ‘ಮೈಯಲ್ಲಿ ಇನ್ನೂ ಎಷ್ಟು ಇನ್ಸುಲಿನ್ ಇದೆ’ ಎಂಬುದು. ಮೀಟರಿನಲ್ಲಿ 160 ಕಂಡರೂ ಒಂದು ಗಂಟೆ ಹಿಂದೆ ಪೂರ್ತಿ ಡೋಸ್ ಬಿದ್ದಿದ್ದರೆ ಆ 160ಕ್ಕೆ ಬೆಲೆ ಇಲ್ಲ. ಹಾಗೆಯೇ 130 ಇದ್ದು, ಮೈಯಲ್ಲಿ ಬೇಸಲ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ಬಿಟ್ಟರೆ ಬೇರೇನೂ ಇಲ್ಲದಿದ್ದರೆ ಐದು ಕಿಲೋಮೀಟರ್ ನೆಮ್ಮದಿಯಾಗಿ ಓಡಬಹುದು. ದೂರದ ಓಟದಲ್ಲಿ ಆಗುವ ಯಡವಟ್ಟುಗಳಲ್ಲಿ ಹೆಚ್ಚಿನವು ಈ ಒಂದು ಲೆಕ್ಕ ತಪ್ಪುವುದರಿಂದಲೇ ಆಗುತ್ತವೆ.

ಟೈಪ್ 1 ಇರುವವರು ದೂರದ ಆಟಕ್ಕಲ್ಲ ಎನ್ನುವ ಹಿರಿಯರು ಮನೆಮನೆಯಲ್ಲೂ ಇದ್ದಾರೆ. ಟೀಮ್ ನೋವೋ ನಾರ್ಡಿಸ್ಕ್ ಎಂಬ ವೃತ್ತಿಪರ ಸೈಕ್ಲಿಂಗ್ ತಂಡದ ಸವಾರರೆಲ್ಲರಿಗೂ ಮಧುಮೇಹವಿದೆ, ಅವರು ದಿನಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ತುಳಿಯುತ್ತಾರೆ ಎಂಬುದನ್ನು ಅವರಿಗೆ ಹೇಳಬಹುದು. ಆದರೆ ಓಟ ಶುರು ಮಾಡುವ ಮೊದಲು ವೈದ್ಯರ ಹತ್ತಿರ ಹೋಗಲೇಬೇಕು. ಕಣ್ಣಿನ ಹಿಂಪದರದಲ್ಲಿ ಹೊಸ ರಕ್ತನಾಳ ಬೆಳೆದು ಚಿಕಿತ್ಸೆ ಆಗದೆ ಇರುವವರು, ಅಂಗಾಲಿನಲ್ಲಿ ಸ್ಪರ್ಶ ಕಳೆದುಕೊಂಡವರು, ಹೃದಯದ ತೊಂದರೆ ಇರುವವರು ಮೊದಲು ಅದನ್ನು ನೋಡಿಸಿಕೊಳ್ಳಲಿ. ಇಲ್ಲಿ ಕೊಟ್ಟಿರುವ ಅಂಕಿಗಳು ವಯಸ್ಕರಿಗೆ ತಜ್ಞರು ಸೂಚಿಸುವ ಆರಂಭದ ಅಂಕಿಗಳು. ನಿಮ್ಮ ಡೋಸನ್ನು ನಿಮ್ಮ ವೈದ್ಯರ ಜೊತೆ ಕೂತೇ ಬದಲಿಸಬೇಕು.

ಮೊದಲು ನಿಮ್ಮ ಇನ್ಸುಲಿನ್ನಿನ ಗಡಿಯಾರ ತಿಳಿದುಕೊಳ್ಳಿ

ಊಟದ ಹೊತ್ತಿಗೆ ಹಾಕುವ ವೇಗದ ಇನ್ಸುಲಿನ್, ಅಂದರೆ ನೋವೋರ‍್ಯಾಪಿಡ್, ಹ್ಯೂಮಲಾಗ್, ಅಪಿಡ್ರಾ ಥರದವು, ಚುಚ್ಚಿದ ಒಂದರಿಂದ ಎರಡು ಗಂಟೆಯೊಳಗೆ ಜೋರಾಗಿ ಕೆಲಸ ಮಾಡಿ ಮೂರರಿಂದ ಐದು ಗಂಟೆಯಲ್ಲಿ ಮುಗಿಯುತ್ತವೆ. ಆಕ್ಟ್ರಾಪಿಡ್ ಥರದ ರೆಗ್ಯುಲರ್ ಇನ್ಸುಲಿನ್ ನಿಧಾನ. ಅದರ ಜೋರು ಎರಡರಿಂದ ನಾಲ್ಕು ಗಂಟೆಗೆ, ಬಾಲ ಆರರಿಂದ ಎಂಟು ಗಂಟೆಯವರೆಗೂ. ವೇಗದ ಇನ್ಸುಲಿನ್ ಬಳಸುವವರು ಊಟವಾದ ಮೂರು ಗಂಟೆಯ ಮೇಲೆ ಓಡಿದರೆ ಬಹುಪಾಲು ಅಪಾಯ ಕಳೆದಿರುತ್ತದೆ. ರೆಗ್ಯುಲರ್ ಬಳಸುವವರಿಗೆ ಅದೇ ಮೂರು ಗಂಟೆ ಎಂದರೆ ಇನ್ಸುಲಿನ್ ಉತ್ತುಂಗದಲ್ಲಿರುವ ಸಮಯ. ಗೆಳೆಯನ ಲೆಕ್ಕವನ್ನು ಹಾಗೆಯೇ ಎತ್ತಿಕೊಂಡರೆ ಎಡವುವುದು ಇಲ್ಲೇ.

ಬೇಗದ್ದೂ ನಿಧಾನದ್ದೂ ಒಂದರಲ್ಲೇ ಬೆರೆತಿರುವ 30/70 ಮಿಶ್ರಣ ಬಳಸುವವರು ನಮ್ಮಲ್ಲಿ ಈಗಲೂ ಬಹಳ. ಅದರಲ್ಲಿ ಒಂದು ಭಾಗವನ್ನು ಮಾತ್ರ ತಗ್ಗಿಸಲು ಬರುವುದಿಲ್ಲ, ಬೆಳಿಗ್ಗೆಯ ಡೋಸಿನ ನಿಧಾನದ ಭಾಗ ಮಧ್ಯಾಹ್ನ ದಾಟಿಯೂ ಎಳೆಯುತ್ತಿರುತ್ತದೆ. ಅವರಿಗೆ ಬೆಳಿಗ್ಗೆಯ ಡೋಸ್ ಹಾಕುವ ಮೊದಲಿನ ಓಟವೇ ಸಂಜೆಯದಕ್ಕಿಂತ ಕ್ಷೇಮ. ಅರ್ಧ ಮ್ಯಾರಥಾನ್ ದಾಟುವ ಮನಸ್ಸಿದ್ದರೆ ಬೇಸಲ್ ಬೇರೆ, ಊಟದ ಡೋಸಾದ ಬೋಲಸ್ ಬೇರೆ ಹಾಕುವ ಬೇಸಲ್–ಬೋಲಸ್ ಪದ್ಧತಿಗೆ ಬದಲಾಗುವ ಬಗ್ಗೆ ವೈದ್ಯರನ್ನು ಕೇಳಿ.

ಇನ್ನೊಂದು ವಿಷಯ ಒತ್ತಿ ಹೇಳಬೇಕು. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಬಹಳಷ್ಟು ಸಲ ಮಿಲಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿರುವುದು ಮಿಲಿಗೆ 100 ಯೂನಿಟ್. ಪೆನ್ ಮರೆತು ಪರ ಊರಿನ ಓಟಕ್ಕೆ ಹೋಗಿ, ಕಾರ್ಟ್ರಿಜ್ಜಿನಿಂದ 40ರ ಸಿರಿಂಜಿನಲ್ಲಿ ಎಳೆದುಕೊಂಡರೆ 4 ಅಂದುಕೊಂಡದ್ದು 10 ಯೂನಿಟ್ ಆಗುತ್ತದೆ. ಅಷ್ಟು ಹಾಕಿಕೊಂಡು ಓಡಲು ನಿಂತರೆ ನೇರ ಆಸ್ಪತ್ರೆಯೇ ಗತಿ.

ಚುಚ್ಚುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಓಡುವ ಮೊದಲಿನ ಡೋಸನ್ನು ತೊಡೆಗೆ ಹಾಕಬೇಡಿ, ಹೊಟ್ಟೆಗೆ ಹಾಕಿ.

ಬೋಲಸ್ ಎಷ್ಟು ತಗ್ಗಿಸಬೇಕು

ಊಟ ಮಾಡಿ ಒಂದೂವರೆ ಗಂಟೆಯೊಳಗೆ ಓಡಲೇಬೇಕಾದರೆ ಆ ಊಟದ ಬೋಲಸ್ ತಗ್ಗಿಸಬೇಕು. ಮಾತಾಡಿಕೊಂಡು ಓಡುವಷ್ಟು ಸಾಧಾರಣ ವೇಗದಲ್ಲಿ ಅರ್ಧ ಗಂಟೆಗೆ ಸುಮಾರು ಶೇ. 50, ಒಂದು ಗಂಟೆಗೆ ಶೇ. 75ರಷ್ಟು ಕಡಿಮೆ. ಏದುಸಿರು ಬರುವ ವೇಗದಲ್ಲಿ ಅರ್ಧ ಗಂಟೆಗೇ ಶೇ. 75. ಆಹಾರದಲ್ಲಿನ ಪಿಷ್ಟ, ಸಕ್ಕರೆಗೆ ಕಾರ್ಬ್ ಎನ್ನುತ್ತಾರೆ. ಹತ್ತು ಗ್ರಾಂ ಕಾರ್ಬ್‌ಗೆ ಒಂದು ಯೂನಿಟ್ ಹಾಕುವವರು 40 ಗ್ರಾಂ ತಿಂದರೆ ಮಾಮೂಲಿ ಡೋಸ್ 4 ಯೂನಿಟ್. ಒಂದು ಗಂಟೆಯ ಓಟವಿದ್ದರೆ ಅದು 1 ಯೂನಿಟ್ ಆಗುತ್ತದೆ. ಓಟಕ್ಕೆ ನಿಲ್ಲುವಾಗ ಶುಗರ್ 200 ದಾಟಿರಬಹುದು. ಅದನ್ನು ಕಂಡು ಹೆದರಿ ಇನ್ನೆರಡು ಯೂನಿಟ್ ಹಾಕುವ ಕೈಯನ್ನು ತಡೆದುಕೊಳ್ಳಬೇಕು, ಆ 200ನ್ನೇ ಕಾಲುಗಳು ತಿನ್ನುತ್ತವೆ.

ಚರ್ಮದಡಿ ಸದಾ ಇನ್ಸುಲಿನ್ ಹನಿಸುವ ಪಂಪ್ ಬಳಸುವವರು ಓಟದ ಗೆರೆಯಲ್ಲಿ ನಿಂತು ಪಂಪ್ ಬಿಚ್ಚುತ್ತಾರೆ. ಅದು ತಡವಾಯಿತು. ಆಗ ಬಿಚ್ಚಿದರೆ ಇನ್ಸುಲಿನ್ ಕಡಿಮೆಯಾಗುವ ಹೊತ್ತಿಗೆ ಹತ್ತು ಕಿಲೋಮೀಟರ್ ಓಟವೇ ಮುಗಿದಿರುತ್ತದೆ. ಬೇಸಲನ್ನು ಶೇ. 50ರಿಂದ 80ರಷ್ಟು ತಗ್ಗಿಸುವುದು ಓಟಕ್ಕೆ ಒಂದರಿಂದ ಒಂದೂವರೆ ಗಂಟೆ ಮುಂಚೆ ಆಗಬೇಕು. ಪೂರ್ತಿ ನಿಲ್ಲಿಸಿದರೆ ಎರಡು ಗಂಟೆ ಮೀರಬಾರದು, ಮೀರಿದರೆ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ) ಏರಲು ಶುರುವಾಗುತ್ತದೆ.

ಎಲ್ಲಕ್ಕಿಂತ ಸಲೀಸಾದ ದಾರಿ ಬೆಳಿಗ್ಗೆ ತಿನ್ನುವ ಮೊದಲೇ ಓಡುವುದು. ಆ ಹೊತ್ತಿಗೆ ಮೈಯಲ್ಲಿ ಬೇಸಲ್ ಬಿಟ್ಟರೆ ಬೇರೆ ಇನ್ಸುಲಿನ್ ಇರುವುದಿಲ್ಲ, ಶುಗರ್ ಏರಿಸುವ ಕಾರ್ಟಿಸಾಲ್ ಮತ್ತು ಗ್ರೋತ್ ಹಾರ್ಮೋನ್ ಏರಿಕೆಯಲ್ಲಿರುತ್ತವೆ. ಅರ್ಧ ಗಂಟೆ ಓಡಿದರೂ ಶುಗರ್ ಬಹುಪಾಲು ಜನರಲ್ಲಿ ಅಷ್ಟಾಗಿ ಇಳಿಯುವುದಿಲ್ಲ, ಕೆಲವರಲ್ಲಿ ಏರುವುದೂ ಉಂಟು. ಹೊಸದಾಗಿ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಗೆರೆಯಲ್ಲಿ ನಿಂತಾಗ ಮೀಟರ್ ಏನು ಹೇಳಬೇಕು

ಒಂದು ಗಂಟೆಯವರೆಗಿನ ಓಟಕ್ಕೆ 126ರಿಂದ 180ರ ನಡುವೆ ಇದ್ದರೆ ಹೊರಡಿ. 90ರಿಂದ 125ರ ನಡುವೆ ಇದ್ದರೆ 10 ಗ್ರಾಂ ಗ್ಲೂಕೋಸ್ ತಿಂದು ಹೊರಡಿ. 90ಕ್ಕಿಂತ ಕೆಳಗಿದ್ದರೆ 10ರಿಂದ 20 ಗ್ರಾಂ ತಿಂದು, 90 ದಾಟುವವರೆಗೆ ಕಾಯಿರಿ. 180ರಿಂದ 270ರವರೆಗೂ ಓಡಬಹುದು. 270 ಮೀರಿದ್ದರೆ ಮೊದಲು ಕಾರಣ ಹುಡುಕಬೇಕು. ಆಗಷ್ಟೇ ಬೋಲಸ್ ತಗ್ಗಿಸಿ ತಿಂದಿದ್ದೀರಿ ಎಂದಾದರೆ ಅದು ನಿರೀಕ್ಷಿತವೇ. ರಾತ್ರಿಯ ಬೇಸಲ್ ತಪ್ಪಿದೆಯೋ, ಪಂಪಿನ ಕೊಳವೆ ಮಡಚಿದೆಯೋ, ಜ್ವರವಿದೆಯೋ ಎಂದಾದರೆ ಕೀಟೋನ್ ನೋಡಲೇಬೇಕು. ರಕ್ತದ ಕೀಟೋನ್ 1.5 (mmol/L) ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅವತ್ತು ಓಟವಿಲ್ಲ, ಇನ್ಸುಲಿನ್ ಮತ್ತು ನೀರು ಮೊದಲು. 3 ತಲುಪಿದ್ದರೆ ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ಸಾಲದೆ ಇರುವ ಮೈಯನ್ನು ಓಡಿಸಿದರೆ ಸ್ನಾಯುವಿಗೆ ಸಕ್ಕರೆ ಸರಿಯಾಗಿ ಸಿಗುವುದಿಲ್ಲ, ಲಿವರ್ ಮಾತ್ರ ಸುರಿಯುತ್ತಲೇ ಇರುತ್ತದೆ, ಶುಗರೂ ಕೀಟೋನೂ ಜೊತೆಯಲ್ಲೇ ಏರುತ್ತವೆ. ಮೂತ್ರದ ಪಟ್ಟಿಯೇ ಗತಿಯಾಗಿರುವವರು ಒಂದು ನೆನಪಿಟ್ಟುಕೊಳ್ಳಿ: ಅದು ತೋರಿಸುವುದು ಈಗಿನದ್ದನ್ನಲ್ಲ, ಕೆಲವು ಗಂಟೆ ಹಿಂದಿನದ್ದನ್ನು.

ಹಿಂದಿನ 24 ಗಂಟೆಯಲ್ಲಿ ಬೇರೆಯವರು ಬಂದು ಎಬ್ಬಿಸಬೇಕಾದಷ್ಟು ಲೋ ಆಗಿದ್ದರೆ, ಅಂದರೆ ಶುಗರ್ ತೀರಾ ಬಿದ್ದಿದ್ದರೆ, ಓಟವನ್ನು ಕೈಬಿಡಿ. ಅಷ್ಟಾಗದೆ ರಾತ್ರಿ 60ಕ್ಕೆ ಬಂದು ಸಕ್ಕರೆ ತಿಂದು ಮಲಗಿದ್ದರೂ ಮಾರನೆಯ ದಿನ ಎಚ್ಚರ ಹೆಚ್ಚಿಸಬೇಕು. ಒಂದು ಸಲ ಲೋ ಆದ ಮೈಯಲ್ಲಿ ಮರುದಿನ ಅಡ್ರಿನಲಿನ್ ತಡವಾಗಿ ಏಳುತ್ತದೆ. ಕೈ ನಡುಕ, ಎದೆಬಡಿತದಂಥ ಮುನ್ಸೂಚನೆಗಳು ಅಷ್ಟೇ ತಡವಾಗಿ ಬರುತ್ತವೆ.

ಸೊಂಟದ ಪಟ್ಟಿಯಲ್ಲಿ ಏನಿರಬೇಕು

ಬೋಲಸ್ ತಗ್ಗಿಸಿ ಅಥವಾ ಖಾಲಿ ಹೊಟ್ಟೆಯಲ್ಲಿ ಹೊರಟವರಿಗೆ ಒಂದು ಗಂಟೆ ಮೀರಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಬೇಕು. ಇನ್ಸುಲಿನ್ ಹೆಚ್ಚಿರುವಾಗ ಹೊರಟಿದ್ದರೆ 75 ಗ್ರಾಂವರೆಗೂ ಹೋಗುತ್ತದೆ, ಅಷ್ಟನ್ನು ಹೊಟ್ಟೆ ತಡೆಯುವುದೇ ಕಷ್ಟ. ಅದಕ್ಕೇ ಇನ್ಸುಲಿನ್ನನ್ನು ಮುಂಚೆಯೇ ತಗ್ಗಿಸುವುದು ಸಕ್ಕರೆ ತಿಂದು ಸರಿಮಾಡುವುದಕ್ಕಿಂತ ಉತ್ತಮ. ಒಂದೇ ಸಲ 40 ಗ್ರಾಂ ನುಂಗಬೇಡಿ. 20 ನಿಮಿಷಕ್ಕೊಮ್ಮೆ 10ರಿಂದ 15 ಗ್ರಾಂ ಲೆಕ್ಕದಲ್ಲಿ, ಶುಗರ್ ಇಳಿಯುವ ಮೊದಲೇ ಶುರು ಮಾಡಿ.

ಗ್ಲೂಕೋಸ್ ಪುಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ 15 ಗ್ರಾಂ ತೂಗಿ, ಜಿಪ್ ಇರುವ ಪುಟ್ಟ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಟ್ಟುಕೊಳ್ಳಿ. ಚಮಚದ ಲೆಕ್ಕ ನಂಬಬೇಡಿ, ತುಂಬಿದ ಚಮಚಕ್ಕೂ ಮಟ್ಟದ ಚಮಚಕ್ಕೂ ದುಪ್ಪಟ್ಟು ವ್ಯತ್ಯಾಸ ಬರುತ್ತದೆ. ಓಡುತ್ತಾ ಒಣ ಪುಡಿ ಬಾಯಿಗೆ ಹಾಕಿದರೆ ನೆತ್ತಿಗೇರುತ್ತದೆ, ನಿಂತು ನೀರಿನ ಜೊತೆ ಹಾಕಿಕೊಳ್ಳಿ. ಜೆಲ್ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ, ಅದಕ್ಕೂ ನೀರು ಬೇಕು. ಏಲಕ್ಕಿ ಬಾಳೆಹಣ್ಣು ಮುಂಚಿತವಾಗಿ ತಿನ್ನಲು ಒಳ್ಳೆಯದು, ಲೋ ಆದ ಮೇಲೆ ತಿನ್ನಲು ನಿಧಾನ. ಕಡಲೆ ಚಿಕ್ಕಿ, ಚಾಕೊಲೇಟ್ ಆ ಹೊತ್ತಿಗೆ ಬೇಡವೇ ಬೇಡ. ಅದರ ಕೊಬ್ಬು ಸಕ್ಕರೆಯನ್ನು ಹೊಟ್ಟೆಯಲ್ಲೇ ತಡೆದು ನಿಲ್ಲಿಸುತ್ತದೆ.

ಓಆರ್‌ಎಸ್ ಬಗ್ಗೆ ಬಹಳ ಜನ ತಪ್ಪು ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಒಂದು ಲೋಟ, ಅಂದರೆ 200 ಮಿಲಿ ಕುಡಿದರೆ 2.7 ಗ್ರಾಂ ಸಿಕ್ಕಿತು. ಉಪ್ಪು, ನೀರಿನ ಕೊರತೆಗೆ ಅದು ಸರಿ, ಲೋ ಶುಗರಿಗೆ ಸಾಲುವುದಿಲ್ಲ. ನೀರಿನ ಮೇಜುಗಳಲ್ಲಿ ಕೊಡುವ ಬಣ್ಣದ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂಬುದೂ ಗೊತ್ತಿರುವುದಿಲ್ಲ, ಕೆಲವಕ್ಕೆ ಸಕ್ಕರೆಯಿಲ್ಲದ ಸಿಹಿ ಹಾಕಿರುತ್ತಾರೆ. ನಿಮ್ಮದನ್ನು ನೀವೇ ಹೊತ್ತುಕೊಳ್ಳಿ.

ಓಡುವಾಗ ಲೋ ಗುರುತಿಸುವುದು ಕಷ್ಟ. ಬೆವರು, ಎದೆಬಡಿತ, ಸುಸ್ತು ಎಲ್ಲವೂ ಓಟದಲ್ಲೇ ಇರುತ್ತವೆ. ಕಾರಣವಿಲ್ಲದೆ ವೇಗ ಕುಸಿಯುವುದು, ತುಟಿ ಜುಮ್ಮೆನ್ನುವುದು, ಉಳಿದ ಕಿಲೋಮೀಟರ್ ಕೂಡಿ ಕಳೆಯಲು ಬಾರದಿರುವುದು, ಸುಮ್ಮನೆ ಸಿಟ್ಟು ಬರುವುದು ಇವನ್ನು ಗಮನಿಸಿ. ಅನುಮಾನ ಬಂದರೆ ನಡೆಯುವುದೂ ಬೇಡ, ನಿಲ್ಲಿ. 15ರಿಂದ 20 ಗ್ರಾಂ ಗ್ಲೂಕೋಸ್, 15 ನಿಮಿಷ, ಮತ್ತೆ ಪರೀಕ್ಷೆ. 90 ದಾಟಿ ಏರುತ್ತಿದ್ದರೆ ಮುಂದುವರಿಯಬಹುದು. 54ಕ್ಕಿಂತ ಕೆಳಗೆ ಹೋಗಿದ್ದರೆ ಅವತ್ತಿನ ಓಟ ಅಲ್ಲಿಗೆ ಮುಗಿಯಿತು, ಪದಕ ಇನ್ನೊಂದು ದಿನ ಸಿಗುತ್ತದೆ.

ಸೆನ್ಸರೂ ಮೀಟರೂ ತಪ್ಪುವುದು ಎಲ್ಲಿ

ಶುಗರನ್ನು ಸದಾ ತೋರಿಸಲೆಂದು ತೋಳಿಗೆ ಅಂಟಿಸುವ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಶುಗರ್ ಸರಸರ ಇಳಿಯುವಾಗ ಅದು ಹತ್ತು ಹದಿನೈದು ನಿಮಿಷ ಹಿಂದೆ ಬೀಳುತ್ತದೆ. ಪರದೆಯಲ್ಲಿ 95 ಮತ್ತು ಕೆಳಮುಖದ ಬಾಣ ಕಂಡರೆ ರಕ್ತದಲ್ಲಿ 75 ಇರಬಹುದು. ಆದ್ದರಿಂದ ಓಟದ ದಿನ ಎಚ್ಚರಿಕೆಯ ಗಂಟೆಯನ್ನು 70ಕ್ಕಲ್ಲ, 100ಕ್ಕೆ ಇಟ್ಟುಕೊಳ್ಳಿ. ಹೊಸ ಸೆನ್ಸರನ್ನು ಓಟದ ಹಿಂದಿನ ರಾತ್ರಿ ಅಂಟಿಸಬೇಡಿ, ಮೊದಲ ದಿನದ ಅಂಕಿ ಅಷ್ಟು ನಂಬುವಂಥದ್ದಲ್ಲ. ಎರಡು ದಿನ ಮುಂಚೆ ಹಾಕಿ, ಮೇಲೊಂದು ಅಂಟುಪಟ್ಟಿ ಹಚ್ಚಿ. ಮಂಗಳೂರಿನ ಸೆಕೆಯಲ್ಲಿ ಬೆವರಿಗೆ ಅಂಚು ಎದ್ದುಬರುವುದು ಬೇಗ.

ಬೆರಳು ಚುಚ್ಚಿ ನೋಡುವವರಿಗೆ ಬೇರೆ ಪೇಚು. ಗ್ಲೂಕೋಸ್ ಪುಡಿ ಹಾಕಿಕೊಂಡ ಕೈ, ಬಾಳೆಹಣ್ಣು ಸುಲಿದ ಬೆರಳು. ಆ ಬೆರಳನ್ನೇ ಚುಚ್ಚಿದರೆ ರಕ್ತದಲ್ಲಿ 70 ಇದ್ದಾಗಲೂ ಮೀಟರ್ 250 ತೋರಿಸಬಹುದು. ನೀರು ಸುರಿದು ತೊಳೆದು, ಒರೆಸಿ, ಆಮೇಲೆ ಚುಚ್ಚಿ. ನೀರಿಲ್ಲದಿದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ಬಳಸಿ. ಅಂಕಿ ಮತ್ತು ಮೈಯ ಅನುಭವ ಹೊಂದದಿದ್ದರೆ ಮೈಯನ್ನು ನಂಬಿ, ಸಕ್ಕರೆ ತಿನ್ನಿ.

ಪೆನ್ನನ್ನೂ ಸ್ಟ್ರಿಪ್ಪನ್ನೂ ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಬ್ಬಿಯಲ್ಲೋ ಕಾರಿನಲ್ಲೋ ಬಿಟ್ಟು ಓಡಬೇಡಿ. ಓಟ ಮುಗಿಸಿ ಬರುವಷ್ಟರಲ್ಲಿ ಇನ್ಸುಲಿನ್ ಕೆಟ್ಟಿರಬಹುದು, ನೋಡಿದರೆ ಗೊತ್ತೂ ಆಗುವುದಿಲ್ಲ.

ಅಭ್ಯಾಸದ ಪುಸ್ತಕ, ಸ್ಪರ್ಧೆಯ ಬೆಳಿಗ್ಗೆ

ಎರಡು ವಾರ ಒಂದೇ ದಾರಿ, ಒಂದೇ ಹೊತ್ತು, ಒಂದೇ ವೇಗದಲ್ಲಿ ಐದು ಕಿಲೋಮೀಟರ್ ಓಡಿ ಬರೆದಿಡಿ. ಒಂದು ದಿನದ ಸಾಲು ಹೀಗಿರಬಹುದು: ‘5:50ಕ್ಕೆ 134. ಕೊನೆಯ ಬೋಲಸ್ ರಾತ್ರಿ 8:30, 6 ಯೂನಿಟ್. ತಿಂದದ್ದಿಲ್ಲ. 36 ನಿಮಿಷ. 6:30ಕ್ಕೆ 118. ತಿಂಡಿಗೆ ಬೋಲಸ್ ಮಾಮೂಲು. 10:30ಕ್ಕೆ 74.’ ಓಟ ಚೆನ್ನಾಗಿಯೇ ಹೋಯಿತು, ಎಡವಿದ್ದು ತಿಂಡಿಯ ಡೋಸಿನಲ್ಲಿ ಎಂಬುದು ಈ ಕೊನೆಯ ಅಂಕಿಯಿಂದ ತಿಳಿಯುತ್ತದೆ. 10:30ರ ಅಂಕಿ ಬರೆಯದೆ ಹೋಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಸ್ಪರ್ಧೆಯ ಬೆಳಿಗ್ಗೆ ಇದೆಲ್ಲ ತಲೆಕೆಳಗಾಗುತ್ತದೆ. ಅಭ್ಯಾಸದಲ್ಲಿ 140 ಇರುತ್ತಿದ್ದದ್ದು ಬೆಂಗಳೂರಿನ 10ಕೆ ಓಟದ ಗೆರೆಯಲ್ಲಿ, ಸಾವಿರಾರು ಜನರ ನಡುವೆ, 230 ತೋರಿಸುತ್ತದೆ. ಏನೂ ತಿಂದಿಲ್ಲ, ಡೋಸ್ ತಪ್ಪಿಲ್ಲ. ಉದ್ವೇಗಕ್ಕೆ ಏರಿದ ಅಡ್ರಿನಲಿನ್ ಲಿವರಿನಿಂದ ಹೊರಡಿಸಿದ ಸಕ್ಕರೆ ಅದು. ಇಲ್ಲಿ 2 ಯೂನಿಟ್ ಹಾಕಿಕೊಂಡರೆ ಆರನೆಯ ಕಿಲೋಮೀಟರ್ ಹೊತ್ತಿಗೆ ಉದ್ವೇಗ ಇಳಿದಿರುತ್ತದೆ, ಆ 2 ಯೂನಿಟ್ ಆಗ ಉತ್ತುಂಗಕ್ಕೆ ಬರುತ್ತಿರುತ್ತದೆ. ಏನೂ ಹಾಕಬೇಡಿ. ಹತ್ತು ನಿಮಿಷ ಸಾವಧಾನವಾಗಿ ಜಾಗಿಂಗ್ ಮಾಡಿ, ಮೊದಲ ಗ್ಲೂಕೋಸ್ ಪೊಟ್ಟಣವನ್ನು ಸ್ವಲ್ಪ ತಡವಾಗಿ ತೆರೆಯಿರಿ, ಅಷ್ಟು ಸಾಕು.

ನಂದಿ ಬೆಟ್ಟದ ಏರಿನಲ್ಲೂ, ಮೈದಾನದ ಇಂಟರ್‌ವಲ್ ಓಟದಲ್ಲೂ ಇದೇ ಕಥೆ. ತೀವ್ರವಾಗಿ ಓಡಿದಾಗ ಶುಗರ್ ಏರಬಹುದು. ನಿಧಾನ ಓಟದ ಕೊನೆಗೆ ಹತ್ತು ಸೆಕೆಂಡ್ ಪೂರ್ತಿ ಬಲದಿಂದ ಓಡಿದರೆ ಮುಂದಿನ ಇಳಿತ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆದರೆ ಈಗಾಗಲೇ 70ಕ್ಕೆ ಬಂದಿದ್ದರೆ ಓಡಬೇಡಿ, ತಿನ್ನಿ. ಏರಿನ ಓಟ ಮುಗಿದ ಮೇಲೆ 250 ಕಂಡರೆ ಪೂರ್ತಿ ಸರಿಪಡಿಸುವ ಡೋಸ್ ಬೇಡ, ಅರ್ಧ ಹಾಕಿ ನೋಡಿ. ಎರಡು ಗಂಟೆಯಲ್ಲಿ ಅರ್ಧಕ್ಕರ್ಧ ತಾನೇ ಇಳಿಯುವುದೂ ಇದೆ.

ರಾತ್ರಿಯ ಪಾಲು

60 ಕಿಲೋ ತೂಕದವರು 10 ಕಿಲೋಮೀಟರ್ ಓಡಿದರೆ ಸುಮಾರು 600 ಕ್ಯಾಲರಿ ಖರ್ಚು, ಕಿಲೋಗೆ ಕಿಲೋಮೀಟರಿಗೆ ಒಂದರ ಲೆಕ್ಕ. ಅದರಲ್ಲಿ ದೊಡ್ಡ ಪಾಲು ಸ್ನಾಯು ಕೂಡಿಟ್ಟುಕೊಂಡ ಸಕ್ಕರೆಯಾದ ಗ್ಲೈಕೋಜನ್‌ನಿಂದ ಹೋಗಿರುತ್ತದೆ. ಖಾಲಿಯಾದ ಕಣಜವನ್ನು ಸ್ನಾಯು ಮುಂದಿನ 24 ಗಂಟೆ ರಕ್ತದ ಸಕ್ಕರೆಯಿಂದ ತುಂಬಿಕೊಳ್ಳುತ್ತಿರುತ್ತದೆ, ಅಷ್ಟು ಹೊತ್ತೂ ಇನ್ಸುಲಿನ್ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ. ಸಂಜೆ ಓಡಿದವರು ನಡುರಾತ್ರಿ ಒಂದು, ಎರಡು, ಮೂರರ ಹೊತ್ತಿಗೆ ಲೋ ಆಗುವುದು ಇದರಿಂದಲೇ. ಓಟದ ನಂತರದ ಊಟದ ಬೋಲಸ್ ಅರ್ಧ ಮಾಡಿ, ಆ ರಾತ್ರಿಯ ಗ್ಲಾರ್ಜಿನ್ ಥರದ ಬೇಸಲನ್ನು ಶೇ. 20 ತಗ್ಗಿಸಿ. ಡೆಗ್ಲುಡೆಕ್ ಎಂಬ ಬೇಸಲ್ ಬಳಸುವವರಿಗೆ ಈ ಉಪಾಯ ನಡೆಯುವುದಿಲ್ಲ, ಅದು 24 ಗಂಟೆ ಮೀರಿಯೂ ಮೈಯಲ್ಲಿರುವುದರಿಂದ ಒಂದು ರಾತ್ರಿ ತಗ್ಗಿಸಿದ್ದು ಅದೇ ರಾತ್ರಿಗೆ ಸಿಗುವುದಿಲ್ಲ. ಅವರು ಮಲಗುವ ಮುನ್ನ ಬೋಲಸ್ ಇಲ್ಲದೆ ಏನಾದರೂ ತಿಂದುಕೊಳ್ಳಲಿ, ಸೆನ್ಸರ್ ಇಲ್ಲದವರು ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ನೋಡಲಿ.

ಓಟದ ಸಂಜೆ ಬಿಯರ್ ಬೇಡ. ಮದ್ಯ ಕರಗಿಸುತ್ತಿರುವ ಲಿವರ್ ಹೊಸ ಗ್ಲೂಕೋಸ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಆ ರಾತ್ರಿ ಸಕ್ಕರೆ ಬರಬೇಕಾದದ್ದೇ ಅಲ್ಲಿಂದ.

ಜೊತೆಗೆ ಓಡುವವರಿಗೆ

ಒಬ್ಬರಿಗಾದರೂ ವಿಷಯ ಗೊತ್ತಿರಬೇಕು. ಎದೆಗೆ ಅಂಟಿಸುವ ಓಟದ ನಂಬರ್ ಚೀಟಿಯಾದ ಬಿಬ್‌ನ ಹಿಂಬದಿಯಲ್ಲಿ ‘ಟೈಪ್ 1 ಮಧುಮೇಹ, ಇನ್ಸುಲಿನ್ ಬಳಕೆ’ ಎಂದೂ ಮನೆಯವರ ನಂಬರನ್ನೂ ಬರೆದಿರಲಿ. ಗೆಳೆಯರು ತಡವರಿಸುತ್ತಿದ್ದರೆ, ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ ಕೊಡುತ್ತಿದ್ದರೆ, ‘ನಂಗೇನಾಗಿಲ್ಲ’ ಎಂದರೂ ಬಿಡದೆ ಕೂರಿಸಿ ಸಕ್ಕರೆ ಕುಡಿಸಿ. ಪರೀಕ್ಷೆ ಆಮೇಲೆ ಮಾಡಬಹುದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ ‘ಇನ್ಸುಲಿನ್ ತೆಗೆದುಕೊಳ್ಳುವವರು, ಲೋ ಶುಗರ್’ ಎಂದು ಮೊದಲ ಮಾತಿನಲ್ಲೇ ಹೇಳಿ. ಗ್ಲುಕಗಾನ್ ಚುಚ್ಚುಮದ್ದು ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕಿದವರು ಅದನ್ನು ಮನೆಯ ಫ್ರಿಜ್ಜಿನಲ್ಲೇ ಬಿಟ್ಟು ಬರಬೇಡಿ. ವಯಸ್ಕರಿಗೆ 1 ಮಿಲಿಗ್ರಾಂ, ತೊಡೆಗೋ ತೋಳಿಗೋ. ಎಚ್ಚರವಾಗಿ ನುಂಗಲು ಬಂದ ಕೂಡಲೇ ಸಕ್ಕರೆ ಕೊಡಿ, ಆಮೇಲೆ ಬ್ರೆಡ್ಡೋ ಬಿಸ್ಕತ್ತೋ ತಿನ್ನಿಸಿ, ಆಂಬುಲೆನ್ಸ್ ಬರುವವರೆಗೂ ಪಕ್ಕದಲ್ಲೇ ಕೂತಿರಿ.